ಎತ್ತಿಗೆ ಜ್ವರ, ಎಮ್ಮೆಗೆ ಬರೆ

2024ರ ಡಿಸೆಂಬರ್ 21ರಂದು ಪೆನ್ಸಿಲ್ವೇನಿಯಾದ ಬೀವರ್ ಸ್ಟೇಡಿಯಂನಲ್ಲಿ ಪೆನ್ ಸ್ಟೇಟ್ ವಿಶ್ವವಿದ್ಯಾಲಯದ ತಂಡ ಡಲ್ಲಾಸ್‌ನ ಎಸ್‌ಎಂಯು ತಂಡವನ್ನು 38–10ರಿಂದ ಬಡಿದು ಹಾಕಿತು. ಅಮೆರಿಕದ ಕಾಲೇಜು ಫುಟ್‌ಬಾಲಿನ ರಾಷ್ಟ್ರೀಯ ಪ್ಲೇಆಫ್, ಮೊದಲ ಸುತ್ತು. ಆಟವೇನೂ ರಂಗೇರಲಿಲ್ಲ. ಎಸ್‌ಎಂಯು ಹುಡುಗ ಎಸೆದ ಚೆಂಡನ್ನು ಎದುರಾಳಿಗಳು ಎರಡು ಸಲ ನಡುವೆಯೇ ಹಿಡಿದು ಓಡಿ ಗೆರೆ ದಾಟಿಸಿದಾಗಲೇ ಕಥೆ ಮುಗಿದಿತ್ತು. ಎಸ್‌ಎಂಯುನಲ್ಲೇ ಓದಿದ ನನ್ನ ಅಳಿಯ ಟಿವಿ ಮುಂದಿನಿಂದ ಎದ್ದು ಅಡುಗೆಮನೆಗೆ ಹೋದ. ನಾನು ಕೊನೆಯ ತನಕ ಕೂತು ನೋಡಿದೆ, ಕಾರಣ ಬೇರೆ. ಈ ಆಟದ ಚರಿತ್ರೆಯಲ್ಲಿ ಅತಿ ಕಠಿಣ ಶಿಕ್ಷೆ ಉಂಡ ಎರಡು ತಂಡಗಳು ಅಂದು ಎದುರುಬದುರಾಗಿದ್ದವು. ಎಸ್‌ಎಂಯುಗೆ ಶಿಕ್ಷೆಯಾದದ್ದು 1987ರಲ್ಲಿ, ಪೆನ್ ಸ್ಟೇಟ್‌ಗೆ 2012ರಲ್ಲಿ. ಮೈದಾನದಲ್ಲಿದ್ದ ಹುಡುಗರು ಮೊದಲನೆಯ ಶಿಕ್ಷೆಯ ಕಾಲಕ್ಕೆ ಹುಟ್ಟಿರಲೇ ಇಲ್ಲ. ಎರಡನೆಯದರ ಹೊತ್ತಿಗೆ ಪ್ರೈಮರಿ ಶಾಲೆಯಲ್ಲಿದ್ದರು.

ನಾನು ಚಿತ್ರದುರ್ಗ ಜಿಲ್ಲೆಯ ಹೈಸ್ಕೂಲುಗಳಲ್ಲಿ ವಿಷಲ್ ಊದಿ ನಿವೃತ್ತನಾದ ಪಿ.ಟಿ. ಮೇಷ್ಟ್ರು. ಮಗಳು, ಅಳಿಯ ಡಲ್ಲಾಸ್ ಪಕ್ಕದ ಪ್ಲೇನೋದಲ್ಲಿರುವುದರಿಂದ ಚಳಿಗಾಲಕ್ಕೆ ಇಲ್ಲಿ ಬಂದು ಕೂರುತ್ತೇನೆ. ಇಲ್ಲಿಯ ಫುಟ್‌ಬಾಲ್ ನಮ್ಮ ಫುಟ್‌ಬಾಲ್ ಅಲ್ಲವೆಂದು ಓದುಗರಿಗೆ ಗೊತ್ತೇ ಇದೆ. ಮೊಟ್ಟೆಯಾಕಾರದ ಚೆಂಡು, ತಲೆಗೆ ಹೆಲ್ಮೆಟ್ಟು, ಭುಜಕ್ಕೆ ದಪ್ಪ ಪ್ಯಾಡು. ಗೊತ್ತಿಲ್ಲದಿರಬಹುದಾದದ್ದು ಕಾಲೇಜು ಮಟ್ಟದಲ್ಲಿ ಈ ಆಟದ ಗಾತ್ರ. ಬೀವರ್ ಸ್ಟೇಡಿಯಂ ಒಂದರಲ್ಲೇ 1 ಲಕ್ಷ 6 ಸಾವಿರ ಜನ ಕೂರುತ್ತಾರೆ, ಅಂಥವು ಏಳೆಂಟಿವೆ. ಎಷ್ಟೋ ರಾಜ್ಯಗಳಲ್ಲಿ ಸರ್ಕಾರದ ಪಟ್ಟಿಯಲ್ಲಿ ಅತಿ ಹೆಚ್ಚು ಸಂಬಳ ಎಣಿಸುವವನು ಗವರ್ನರನೂ ಅಲ್ಲ, ಕುಲಪತಿಯೂ ಅಲ್ಲ, ಕಾಲೇಜಿನ ಫುಟ್‌ಬಾಲ್ ಕೋಚ್. ಆಡುವ ಹುಡುಗರಿಗೆ ಮಾತ್ರ ದಶಕಗಟ್ಟಲೆ ಸಿಕ್ಕಿದ್ದು ಸ್ಕಾಲರ್‌ಶಿಪ್, ಅಂದರೆ ಫೀಸು, ಊಟ, ವಸತಿ. ಅದಕ್ಕಿಂತ ಹೆಚ್ಚಿಗೆ ಒಂದು ಡಾಲರ್ ಮುಟ್ಟಿದರೂ ಅಪರಾಧವಾಗಿತ್ತು. ಈ ಕಟ್ಟಳೆ ಮಾಡಿ ಕಾಯುತ್ತಿದ್ದದ್ದು ಎನ್‌ಸಿಎಎ, ಕಾಲೇಜುಗಳೇ ಕೂಡಿ ಕಟ್ಟಿಕೊಂಡ ಸಂಘ. 1906ರಿಂದ ಇದೆ, ಕಚೇರಿ ಇಂಡಿಯಾನಾಪೊಲಿಸ್‌ನಲ್ಲಿ. ಅದಕ್ಕೆ ಪೊಲೀಸರ ಅಧಿಕಾರವಿಲ್ಲ, ಸಾಕ್ಷಿಯನ್ನು ಎಳೆತಂದು ನಿಲ್ಲಿಸಲಾಗದು. ಅದು ಸರ್ಕಾರಿ ಸಂಸ್ಥೆಯಲ್ಲವಾದ್ದರಿಂದ ಸಂವಿಧಾನ ಕೊಡುವ ನ್ಯಾಯಪ್ರಕ್ರಿಯೆಯ ರಕ್ಷಣೆ ಅದರ ಎದುರು ಸಲ್ಲದು ಎಂದು 1988ರಲ್ಲಿ ಸುಪ್ರೀಂ ಕೋರ್ಟೇ 5–4ರಿಂದ ತೀರ್ಪು ಕೊಟ್ಟಿತು. ಶಿಕ್ಷೆ ಹಾಕುವ ಸಮಿತಿಯಲ್ಲಿ ಹೆಚ್ಚಾಗಿ ಕೂರುವವರು ಬೇರೆ ಬೇರೆ ಕಾಲೇಜುಗಳ ಮಂದಿಯೇ.

ಎಸ್‌ಎಂಯು ಕಥೆ ಇಲ್ಲಿ ಡಲ್ಲಾಸ್‌ನಲ್ಲಿ ಇವತ್ತಿಗೂ ಹಳೆಯದಾಗಿಲ್ಲ. ಎಂಬತ್ತರ ದಶಕದ ಆರಂಭದಲ್ಲಿ ಈ ಸಣ್ಣ ಖಾಸಗಿ ವಿಶ್ವವಿದ್ಯಾಲಯ ದೇಶದ ಅಗ್ರ ತಂಡಗಳಲ್ಲಿ ಒಂದಾಗಿತ್ತು. 1982ರಲ್ಲಿ ಒಂದೂ ಪಂದ್ಯ ಸೋಲಲಿಲ್ಲ. ಹುಡುಗರಿಗೆ ಗುಟ್ಟಾಗಿ ದುಡ್ಡು ಹೋಗುತ್ತಿತ್ತು. ಕೊಡುತ್ತಿದ್ದವರು ಕಾಲೇಜಿನ ಹಣವಂತ ಅಭಿಮಾನಿಗಳು, ಇಲ್ಲಿಯವರು ಬೂಸ್ಟರ್ ಎನ್ನುವ ಜಾತಿ. 1985ರಲ್ಲಿ ಸಿಕ್ಕಿಬಿದ್ದು ಶಿಕ್ಷೆಯಾಯಿತು. ಆಮೇಲೂ ನಿಲ್ಲಿಸಲಿಲ್ಲ. 13 ಆಟಗಾರರಿಗೆ ಸುಮಾರು 61 ಸಾವಿರ ಡಾಲರ್, ತಿಂಗಳ ಬಟವಾಡೆಯ ಹಾಗೆ. ಯಾಕೆ ನಿಲ್ಲಿಸಲಿಲ್ಲ ಎನ್ನುವುದು ಇಡೀ ಪ್ರಕರಣದ ಸ್ವಾರಸ್ಯ. ಮಾತು ಕೊಟ್ಟಾಗಿದೆ, ಥಟ್ಟನೆ ನಿಲ್ಲಿಸಿದರೆ ಹುಡುಗರು ಬಾಯಿಬಿಡುತ್ತಾರೆ; ಹಾಗಾಗಿ ಈಗಿರುವವರು ಓದು ಮುಗಿಸಿ ಹೋಗುವ ತನಕ ಕೊಡೋಣ, ಹೊಸಬರಿಗೆ ಬೇಡ ಎಂದು ತೀರ್ಮಾನಿಸಿದ್ದರು. ಈ ತೀರ್ಮಾನ ತಮಗೆ ಗೊತ್ತಿತ್ತು, ತಾವೇ ಒಪ್ಪಿದ್ದೆವು ಎಂದು 1987ರ ಮಾರ್ಚ್‌ನಲ್ಲಿ ಬಹಿರಂಗವಾಗಿ ಹೇಳಿದವರು ಬಿಲ್ ಕ್ಲೆಮೆಂಟ್ಸ್. ವಿಶ್ವವಿದ್ಯಾಲಯದ ಆಡಳಿತ ಮಂಡಳಿಯ ಅಧ್ಯಕ್ಷರಾಗಿದ್ದವರು. ಹಾಗೆ ಹೇಳುವ ಹೊತ್ತಿಗೆ ಟೆಕ್ಸಸ್ ರಾಜ್ಯದ ಗವರ್ನರ್!

ಅದಕ್ಕೆ ಒಂದು ವಾರ ಮುಂಚೆ, ಫೆಬ್ರವರಿ 25ರಂದು, ಎನ್‌ಸಿಎಎ ತೀರ್ಪು ಬಂದಿತ್ತು. 1987ರ ಸೀಸನ್ ಪೂರ್ತಿ ರದ್ದು. 1988ರಲ್ಲಿ ಸ್ವಂತ ಊರಿನಲ್ಲಿ ಒಂದೂ ಪಂದ್ಯವಿಲ್ಲ. ನಾಲ್ಕು ವರ್ಷಗಳಲ್ಲಿ 55 ಸ್ಕಾಲರ್‌ಶಿಪ್ ಖೋತಾ. ಬರೀ ಪರವೂರಿನ ಪಂದ್ಯ ಆಡುವುದಕ್ಕಿಂತ ಆಡದಿರುವುದೇ ಮೇಲೆಂದು ಎಸ್‌ಎಂಯು ಎರಡನೆಯ ವರ್ಷವನ್ನೂ ತಾನೇ ಬಿಟ್ಟಿತು. ಪತ್ರಿಕೆಗಳು ಇದಕ್ಕೆ ಡೆತ್ ಪೆನಾಲ್ಟಿ ಎಂದವು, ಮರಣದಂಡನೆ. ಬೇರೆ ಕಾಲೇಜುಗಳ ಕೋಚ್‌ಗಳು ಡಲ್ಲಾಸ್‌ಗೆ ಬಂದಿಳಿದು ಒಳ್ಳೊಳ್ಳೆಯ ಹುಡುಗರನ್ನು ಆರಿಸಿಕೊಂಡು ಹೋದರು. 1989ರಲ್ಲಿ ಮತ್ತೆ ಕಣಕ್ಕಿಳಿದದ್ದು ಬಹುಪಾಲು ಮೊದಲ ವರ್ಷದ ಎಳೆ ಹುಡುಗರ ತಂಡ. ಹೂಸ್ಟನ್ ವಿಶ್ವವಿದ್ಯಾಲಯ ಆ ಮಕ್ಕಳ ಮೇಲೆ 95–21 ಎಂದು ಅಂಕ ಪೇರಿಸಿತು. ಆ ವರ್ಷ ಹೂಸ್ಟನ್ ಕೂಡ ನಿಯಮ ಮುರಿದ ಶಿಕ್ಷೆಯಲ್ಲೇ ಇತ್ತು ಎನ್ನುವುದು ಅಳಿಯನಿಗೆ ಇವತ್ತಿಗೂ ಸಂಕಟ ಕೊಡುವ ವಿಷಯ. ವರ್ಷದ ಕೊನೆಯಲ್ಲಿ ಒಳ್ಳೆಯ ತಂಡಗಳಿಗೆ ಸಿಗುವ ‘ಬೌಲ್’ ಪಂದ್ಯ 1984ರ ನಂತರ ಎಸ್‌ಎಂಯುಗೆ ಸಿಕ್ಕಿದ್ದು 2009ರಲ್ಲಿ.

ಅದು ಅನ್ಯಾಯವೇ? ನನಗೆ ಹಾಗೆ ಪೂರ್ತಿ ಅನ್ನಿಸುವುದಿಲ್ಲ. ಯಾರೋ ಒಬ್ಬ ಕೋಚ್ ಕದ್ದುಮುಚ್ಚಿ ಮಾಡಿದ ಕೆಲಸವಾಗಿದ್ದರೆ ಬೇರೆ ಮಾತು. ಆಡಳಿತ ಮಂಡಳಿಯೇ ಕೂತು, ಶಿಕ್ಷೆ ಅನುಭವಿಸುತ್ತಿರುವಾಗಲೇ ಇನ್ನಷ್ಟು ದಿನ ಮೋಸ ಮಾಡೋಣ ಎಂದು ಒಪ್ಪಿದರೆ ಸಂಸ್ಥೆಗೇ ಶಿಕ್ಷೆ ಹಾಕದೆ ಇನ್ಯಾರಿಗೆ ಹಾಕುವುದು? ನನ್ನನ್ನು ಕಾಡುವುದು ಆ 55. ನಾಲ್ಕು ವರ್ಷಗಳಲ್ಲಿ ಎಲ್ಲೋ ಟೆಕ್ಸಸ್ಸಿನ ಹಳ್ಳಿಗಾಡಿನ ಹೈಸ್ಕೂಲಿನಿಂದ ಬಂದು ಫೀಸಿಲ್ಲದೆ ಓದಬಹುದಾಗಿದ್ದ 55 ಹುಡುಗರ ಸೀಟು. ಅವರಿಗೆ ಹೆಸರಿಲ್ಲ, ಯಾಕೆಂದರೆ ಅವರು ಬರಲೇ ಇಲ್ಲ.

ಇಂಥದ್ದನ್ನು ನಾನು ಖೋಖೋ ಅಂಕಣದಲ್ಲಿ ನೋಡಿದ್ದೇನೆ. ಒಮ್ಮೆ ಜಿಲ್ಲಾ ಮಟ್ಟದ ಪಂದ್ಯಾವಳಿಯಲ್ಲಿ ನನ್ನನ್ನು ತಕರಾರು ವಿಚಾರಿಸುವ ಸಮಿತಿಗೆ ಹಾಕಿದ್ದರು. ಫೈನಲ್ ಗೆದ್ದ ಶಾಲೆಯ ಮೇಲೆ ಸೋತವರು ದುಡ್ಡು ಕಟ್ಟಿ ಪ್ರೊಟೆಸ್ಟ್ ಬರೆದುಕೊಟ್ಟರು: ಒಬ್ಬ ಹುಡುಗ ವಯೋಮಿತಿ ಮೀರಿದ್ದಾನೆ. ದಾಖಲೆ ತರಿಸಿದೆವು. ಟಿ.ಸಿ.ಯಲ್ಲಿ ಹುಟ್ಟಿದ ವರ್ಷದ ಕೊನೆಯ ಅಂಕಿಯನ್ನು ಬ್ಲೇಡಿನಿಂದ ಕೆರೆದು ತಿದ್ದಿದ್ದರು. ಶಾಯಿ ಬೇರೆ, ಕೈಬರಹ ಬೇರೆ. ಬೆಳಕಿಗೆ ಹಿಡಿದರೆ ಆ ಜಾಗದಲ್ಲಿ ಕಾಗದ ತೆಳ್ಳಗಾಗಿ ಹಿಂದಿನದು ಕಾಣುತ್ತಿತ್ತು. ಹೆಡ್‌ಮಾಸ್ಟರ ಸೀಲು ಮಾತ್ರ ಸ್ಪಷ್ಟವಾಗಿತ್ತು. ನಿಯಮದಲ್ಲಿ ಎರಡು ಮಾತಿಗೆ ಜಾಗವಿಲ್ಲ, ತಂಡ ಪೂರ್ತಿ ಔಟು. ನಾವು ಸಹಿ ಹಾಕಿದೆವು. ಉಳಿದ ಹುಡುಗರು ಕಪ್ಪು ಮಣ್ಣು ಮೆತ್ತಿದ ಮೊಣಕಾಲು ಹೊತ್ತು ಸಾಲಾಗಿ ನಿಂತಿದ್ದರು. ಅವರಲ್ಲೊಬ್ಬ, ಡೈವ್ ಹೊಡೆಯುವುದರಲ್ಲಿ ಪಾದರಸ, ನನ್ನ ಹತ್ತಿರ ಬಂದು, “ಸಾರ್, ಅವನನ್ನ ತೆಗೆದು ಆಡಿಸಿ ಸಾರ್, ಅವನಿಲ್ದಿದ್ರೂ ಗೆಲ್ತೀವಿ” ಅಂದ. ನಿಜವೇ, ಗೆಲ್ಲುತ್ತಿದ್ದರು. ಅವರ ವಿಭಾಗ ಮಟ್ಟ ಅಲ್ಲಿಗೆ ಮುಗಿಯಿತು. ಅವರನ್ನು ಕರೆತಂದಿದ್ದ ಮೇಷ್ಟ್ರು ಮರುವರ್ಷ ಬೇರೊಂದು ಶಾಲೆಯ ಟ್ರ್ಯಾಕ್‌ಸೂಟ್ ಹಾಕಿಕೊಂಡು, ಬೇರೊಂದು ತಂಡದ ಜೊತೆ ಅದೇ ಮೈದಾನದಲ್ಲಿ ನಗುನಗುತ್ತಾ ಕೈಕುಲುಕಿದರು.

ಆ ಮೇಷ್ಟ್ರ ದೊಡ್ಡ ರೂಪವನ್ನು ಅಮೆರಿಕದಲ್ಲಿ ನೋಡಬೇಕಾದರೆ ಲಾಸ್ ಏಂಜಲೀಸ್‌ನ ಯುಎಸ್‌ಸಿ ವಿಶ್ವವಿದ್ಯಾಲಯದ ಪ್ರಕರಣಕ್ಕೆ ಬರಬೇಕು. ಅಲ್ಲಿಯ ರೆಜಿ ಬುಷ್ 2005ರಲ್ಲಿ ದೇಶದ ಶ್ರೇಷ್ಠ ಕಾಲೇಜು ಆಟಗಾರನಿಗೆ ಕೊಡುವ ಹೈಸ್‌ಮನ್ ಟ್ರೋಫಿ ಗೆದ್ದ. ಅವನಿಗೂ ಮನೆಯವರಿಗೂ ಏಜೆಂಟರಾಗಲು ಹವಣಿಸುತ್ತಿದ್ದವರಿಂದ ಹಣ, ಸವಲತ್ತು ಸಿಕ್ಕಿತ್ತೆಂದು ಆಮೇಲೆ ಹೊರಬಿತ್ತು. ತನಿಖೆ ಎಳೆದೂ ಎಳೆದು ತೀರ್ಪು ಬಂದದ್ದು 2010ರ ಜೂನ್‌ನಲ್ಲಿ. ಎರಡು ವರ್ಷ ಬೌಲ್ ಪಂದ್ಯಗಳಿಲ್ಲ, ಮೂರು ವರ್ಷಗಳಲ್ಲಿ 30 ಸ್ಕಾಲರ್‌ಶಿಪ್ ಖೋತಾ, ಹಳೆಯ 14 ಗೆಲುವು ರದ್ದು. ಬುಷ್ 2006ರಲ್ಲೇ ವೃತ್ತಿಪರ ಲೀಗಿಗೆ ಹೋಗಿ ಕೋಟಿಗಳಲ್ಲಿ ಆಡುತ್ತಿದ್ದ. ಕೋಚ್ ಪೀಟ್ ಕ್ಯಾರಲ್ ತೀರ್ಪಿಗೆ ಐದು ತಿಂಗಳ ಮುಂಚೆ ವೃತ್ತಿಪರ ಲೀಗಿನ ಸಿಯಾಟಲ್ ತಂಡಕ್ಕೆ ಹೊರಟುಹೋದರು, 2014ರಲ್ಲಿ ಅಲ್ಲಿ ಆ ಲೀಗಿನ ಫೈನಲ್ಲಾದ ಸೂಪರ್ ಬೌಲ್ ಗೆದ್ದರು. ಕಾಲೇಜಿನಲ್ಲಿ ಉಳಿದವರು ಯಾರು? ಬುಷ್ ಟ್ರೋಫಿ ಹಿಡಿದಾಗ ಏಳನೆಯದೋ ಎಂಟನೆಯದೋ ತರಗತಿಯಲ್ಲಿದ್ದ ಹುಡುಗರು.

ಲೆಕ್ಕ ಸರಳ. ಕಾಲೇಜು ಹುಡುಗ ಒಂದು ತಂಡದಲ್ಲಿ ಇರುವುದು ನಾಲ್ಕು ವರ್ಷ, ಹೆಚ್ಚೆಂದರೆ ಐದು. ಗುಟ್ಟು ಹೊರಬೀಳಲು ಒಂದೆರಡು ವರ್ಷ, ತನಿಖೆಗೆ ಎರಡು ಮೂರು, ಮೇಲ್ಮನವಿಗೆ ಇನ್ನಷ್ಟು. ಶಿಕ್ಷೆ ಬಂದು ತಲುಪುವಾಗ ತಪ್ಪು ಮಾಡಿದವನು ಗೇಟು ದಾಟಿರುತ್ತಾನೆ. ಇದು ಯಾವುದೋ ಒಂದು ಪ್ರಕರಣದಲ್ಲಿ ಆದ ಎಡವಟ್ಟಲ್ಲ. ತಂಡಕ್ಕೆ ಶಿಕ್ಷೆ ಎಂಬ ಏರ್ಪಾಟೇ ಹೀಗೆ.

ಯುಎಸ್‌ಸಿ ತೀರ್ಪು ಕೊಟ್ಟ ಸಮಿತಿಯ ಅಧ್ಯಕ್ಷರ ವಿಷಯ ಹೇಳದಿದ್ದರೆ ನನಗೆ ಊಟ ಸೇರುವುದಿಲ್ಲ. ಅವರು ಪಾಲ್ ಡೀ. ದೊಡ್ಡ ಹೆಸರಿನ ಆಟಗಾರರಿದ್ದ ಕಡೆ ಕಾಲೇಜಿನ ನಿಗಾ ಕೂಡ ಅಷ್ಟೇ ದೊಡ್ಡದಿರಬೇಕು ಎಂದು ಯುಎಸ್‌ಸಿಗೆ ಬುದ್ಧಿ ಹೇಳಿದವರು. ಅವರು ಹದಿನೈದು ವರ್ಷ ಕ್ರೀಡಾ ನಿರ್ದೇಶಕರಾಗಿದ್ದದ್ದು ಮಯಾಮಿ ವಿಶ್ವವಿದ್ಯಾಲಯದಲ್ಲಿ. ಯುಎಸ್‌ಸಿ ತೀರ್ಪಿನ ಮರುವರ್ಷವೇ, 2011ರ ಆಗಸ್ಟ್‌ನಲ್ಲಿ, ನೆವಿನ್ ಶಪಿರೋ ಎಂಬ ಹೂಡಿಕೆ ವಂಚಕ ಜೈಲಿನಿಂದಲೇ ಬಾಯಿಬಿಟ್ಟ: 2002ರಿಂದ 2010ರ ತನಕ ಮಯಾಮಿಯ ಆಟಗಾರರಿಗೆ ಹಣ, ಮೋಜು ಎಲ್ಲ ತಾನೇ ಕೊಡಿಸಿದ್ದೆ ಎಂದು. ಆ ವರ್ಷಗಳಲ್ಲಿ ಹೆಚ್ಚಿನವು ಡೀ ಕುರ್ಚಿಯಲ್ಲಿದ್ದ ಕಾಲವೇ. ಅದರ ತನಿಖೆಯಲ್ಲಿ ಎನ್‌ಸಿಎಎ ಸಿಬ್ಬಂದಿ ಶಪಿರೋನ ವಕೀಲರಿಗೇ ದುಡ್ಡು ಕೊಟ್ಟು ಹೇಳಿಕೆ ಕಲೆಹಾಕಿದ್ದು ಬಯಲಾಗಿ ಸಂಘದ ಮಾನವೇ ಹೋಯಿತು. ಕಡೆಗೆ 2013ರಲ್ಲಿ ಮಯಾಮಿಗೆ ಬಿದ್ದದ್ದು 9 ಸ್ಕಾಲರ್‌ಶಿಪ್‌ಗಳ ಖೋತಾ. ಬೌಲ್ ಪಂದ್ಯಗಳನ್ನು ಎರಡು ವರ್ಷ ಅದು ತಾನಾಗಿಯೇ ಬಿಟ್ಟಿತ್ತು. ಒಬ್ಬ ಆಟಗಾರನ ಪ್ರಕರಣಕ್ಕೆ 30, ಎಂಟು ವರ್ಷದ ದೂರಿಗೆ 9. ಸಮಿತಿಯವರ ಬಳಿ ಕಾರಣಗಳಿದ್ದವು, ಓದಿದ್ದೇನೆ. ಓದಿದ ಮೇಲೂ ನನಗೆ ತಕ್ಕಡಿ ಸಮ ಕಾಣಲಿಲ್ಲ.

ಗೆಲುವು ರದ್ದು ಮಾಡುವ ಶಿಕ್ಷೆಯ ಬಗ್ಗೆ ನನ್ನ ಮೊಮ್ಮಗ ಒಮ್ಮೆ ಕೇಳಿದ, “ತಾತ, ಹಾಗಾದ್ರೆ ಸೋತವರು ಗೆದ್ದಂಗಾ?” ಇಲ್ಲ. 2005ರ ಜನವರಿಯಲ್ಲಿ ಯುಎಸ್‌ಸಿ ಓಕ್ಲಹೋಮಾವನ್ನು 55–19ರಿಂದ ಸೋಲಿಸಿ ಚಾಂಪಿಯನ್ ಆಗಿತ್ತು. ಆ ಗೆಲುವು ಈಗ ದಾಖಲೆಯಲ್ಲಿಲ್ಲ, ಆದರೆ ಓಕ್ಲಹೋಮಾದ ಸೋಲು ಇದೆ. ಪಾಪ, ಅವರು ಯಾರಿಗೆ ಸೋತರೋ!

ಪೆನ್ ಸ್ಟೇಟ್ ಪ್ರಕರಣ ಬೇರೆಯೇ ಬಗೆಯದು, ಅದರ ಬಗ್ಗೆ ಹಗುರವಾಗಿ ಬರೆಯಲು ಆಗುವುದಿಲ್ಲ. ಅಲ್ಲಿ ಸಹಾಯಕ ಕೋಚ್ ಆಗಿದ್ದ ಜೆರ್ರಿ ಸ್ಯಾಂಡಸ್ಕಿ ಮಕ್ಕಳ ಮೇಲೆ ವರ್ಷಗಟ್ಟಲೆ ಲೈಂಗಿಕ ದೌರ್ಜನ್ಯ ಎಸಗಿದ್ದ. 2012ರ ಜೂನ್‌ನಲ್ಲಿ 45 ಆರೋಪಗಳಲ್ಲಿ ಅಪರಾಧಿಯೆಂದು ತೀರ್ಮಾನವಾಗಿ ಜೈಲು ಸೇರಿದ. ಗೊತ್ತಿದ್ದೂ ದೊಡ್ಡವರು ಮುಚ್ಚಿಟ್ಟರೆಂದು ವಿಶ್ವವಿದ್ಯಾಲಯ ನೇಮಿಸಿದವರ ತನಿಖಾ ವರದಿ ಹೇಳಿತು. ವರದಿ ಬಂದು ಹನ್ನೊಂದೇ ದಿನಕ್ಕೆ, ತನ್ನದೇ ತನಿಖೆ ನಡೆಸದೆ, ಎನ್‌ಸಿಎಎ ಶಿಕ್ಷೆ ಘೋಷಿಸಿತು: 6 ಕೋಟಿ ಡಾಲರ್ ದಂಡ, ನಾಲ್ಕು ವರ್ಷ ಬೌಲ್ ನಿಷೇಧ, ಸ್ಕಾಲರ್‌ಶಿಪ್ ಕಡಿತ, 1998ರಿಂದ 2011ರ ತನಕದ ಗೆಲುವುಗಳೆಲ್ಲ ರದ್ದು. ಆರು ತಿಂಗಳ ಹಿಂದೆ ತೀರಿಕೊಂಡಿದ್ದ ಮುಖ್ಯ ಕೋಚ್ ಜೋ ಪಟರ್ನೋ ಅವರ ಗೆಲುವು 409ರಿಂದ 298ಕ್ಕೆ ಇಳಿಯಿತು.

ಆ ಮಕ್ಕಳಿಗೆ ಆದದ್ದರ ಎದುರು ಫುಟ್‌ಬಾಲ್ ಎಷ್ಟರದ್ದು? ಅಷ್ಟು ದೊಡ್ಡ ಅಪರಾಧಕ್ಕೆ ಪೊಲೀಸರಿದ್ದಾರೆ, ಕೋರ್ಟಿದೆ, ಪರಿಹಾರದ ದಾವೆಗಳಿವೆ. 2012ರಲ್ಲಿ ಅಲ್ಲಿ ಆಡುತ್ತಿದ್ದ ಇಪ್ಪತ್ತರ ಹುಡುಗನಿಗೆ ಬೌಲ್ ಪಂದ್ಯ ತಪ್ಪಿಸಿದರೆ ಅದರಿಂದ ಯಾವ ಮಗುವಿನ ಗಾಯ ಮಾಯುತ್ತದೆಂದು ನನಗೆ ಯಾರೂ ವಿವರಿಸಿಲ್ಲ. ತಮಗೆ ಇಂಥ ಶಿಕ್ಷೆ ಹಾಕುವ ಅಧಿಕಾರ ಇದೆಯೇ ಎಂದು ಎನ್‌ಸಿಎಎ ಒಳಗೇ ಅನುಮಾನವಿತ್ತೆಂದು ಆಮೇಲೆ ಕೋರ್ಟಿನಲ್ಲಿ ಹೊರಬಂದ ಇಮೇಲ್‌ಗಳು ತೋರಿಸಿದವು. 2014ರಲ್ಲಿ ಬೌಲ್ ನಿಷೇಧ ತೆಗೆದರು. 2015ರ ಜನವರಿಯಲ್ಲಿ ಗೆಲುವುಗಳನ್ನೂ ಹಿಂದಿರುಗಿಸಿದರು; ಪಟರ್ನೋ ಮತ್ತೆ 409. ದಂಡದ ಹಣ ಪೆನ್ಸಿಲ್ವೇನಿಯಾದಲ್ಲೇ ಮಕ್ಕಳ ರಕ್ಷಣೆಗೆ ಖರ್ಚಾಗಬೇಕೆಂದಾಯಿತು. ಆ ಶಿಕ್ಷೆಯಲ್ಲಿ ನನ್ನ ಮಟ್ಟಿಗೆ ಸಾರ್ಥಕವಾದದ್ದು ಅದೊಂದೇ.

ಶಿಕ್ಷೆಯ ಜೊತೆಗೆ ಎನ್‌ಸಿಎಎಯವರು ಒಂದು ಒಳ್ಳೆಯದನ್ನೂ ಮಾಡಿದ್ದರು, ಹೇಳಬೇಕು. ಬೇರೆ ಕಾಲೇಜಿಗೆ ಹೋದರೆ ಒಂದು ವರ್ಷ ಸುಮ್ಮನೆ ಕೂರಬೇಕೆಂಬ ನಿಯಮ ಆಗ ಇತ್ತು. ಪೆನ್ ಸ್ಟೇಟ್ ಹುಡುಗರಿಗೆ ಅದನ್ನು ಸಡಿಲಿಸಿದರು. ಮತ್ತದೇ, ಬೇರೆ ಕಾಲೇಜಿನ ಕೋಚ್‌ಗಳು ಊರಿಗೇ ಬಂದಿಳಿದರು. ಪೆನ್ ಸ್ಟೇಟ್‌ನ ಮುಖ್ಯ ಓಟಗಾರ ಸೈಲಸ್ ರೆಡ್ ಹೋಗಿ ಸೇರಿದ್ದು ಯಾವ ಕಾಲೇಜು ಅಂತೀರಿ? ಯುಎಸ್‌ಸಿ. ಒಂದು ಶಿಕ್ಷೆಯ ತಂಡದಿಂದ ಇನ್ನೊಂದಕ್ಕೆ.

ನಮ್ಮವರು ಇದೇ ಗಂಟನ್ನು ಬೇರೆ ಥರ ಬಿಚ್ಚಿದ್ದಾರೆ. 2013ರ ಐಪಿಎಲ್ ಸ್ಪಾಟ್ ಫಿಕ್ಸಿಂಗ್ ಹಗರಣ ನೆನಪಿರಬಹುದು. ರಾಜಸ್ಥಾನ ರಾಯಲ್ಸ್‌ನ ಮೂವರು ಆಟಗಾರರ ಬಂಧನವಾದಾಗ ತಂಡದ ನಾಯಕ ನಮ್ಮ ರಾಹುಲ್ ದ್ರಾವಿಡ್. 2015ರಲ್ಲಿ ಲೋಧಾ ಸಮಿತಿ ಚೆನ್ನೈ, ರಾಜಸ್ಥಾನ ಎರಡು ಫ್ರಾಂಚೈಸಿಗಳನ್ನು ಎರಡು ವರ್ಷ ಅಮಾನತು ಮಾಡಿತು. ಆದರೆ ಆಟಗಾರರಿಗೆ ಪುಣೆ, ಗುಜರಾತ್ ಎಂಬ ಎರಡು ಹೊಸ ತಂಡಗಳು ಬಂದವು, ಉಳಿದವರು ಹರಾಜಿಗೆ ಹೋದರು. ಧೋನಿ ಒಂದು ಸೀಸನ್ನೂ ಮನೆಯಲ್ಲಿ ಕೂರಲಿಲ್ಲ. ಪೆಟ್ಟು ಬಿದ್ದದ್ದು ಮಾಲೀಕರ ಹೆಸರಿಗೆ. ವೃತ್ತಿಪರ ಲೀಗಿನಲ್ಲಿ ಇದು ಸುಲಭ; ಪರೀಕ್ಷೆ, ಹಾಸ್ಟೆಲ್, ಗೆಳೆಯರು ಎಲ್ಲ ಇರುವ ಕಾಲೇಜು ಹುಡುಗನನ್ನು ಅಷ್ಟು ಸಲೀಸಾಗಿ ಎತ್ತಿ ಬೇರೆ ಕಡೆ ನೆಡಲಾಗದು.

ಎನ್‌ಸಿಎಎಗೂ ಈಚೆಗೆ ಜ್ಞಾನೋದಯವಾದಂತಿದೆ. 2023ರಲ್ಲಿ ಟೆನೆಸಿ ವಿಶ್ವವಿದ್ಯಾಲಯದ ಪ್ರಕರಣ ಬಂತು. ಕೋಚ್ ಜೆರೆಮಿ ಪ್ರೂಯಿಟ್ ಕಾಲದಲ್ಲಿ ಹುಡುಗರಿಗೂ ಮನೆಯವರಿಗೂ ಸುಮಾರು 60 ಸಾವಿರ ಡಾಲರಿನಷ್ಟು ಹಣ, ಸವಲತ್ತು ಹೋಗಿತ್ತು, 200ಕ್ಕೂ ಹೆಚ್ಚು ಉಲ್ಲಂಘನೆ. ಎಸ್‌ಎಂಯುನ ಮೊತ್ತಕ್ಕೆ ಹೋಲಿಸಿ ನೋಡಿ, ಹೆಚ್ಚುಕಡಿಮೆ ಅಷ್ಟೇ, 1986ರ ಡಾಲರಿನ ತೂಕ ಹೆಚ್ಚೆನ್ನುವುದನ್ನು ಬಿಟ್ಟರೆ. ಅಲ್ಲಿ ಎರಡು ಸೀಸನ್ ಹೋಯಿತು. ಇಲ್ಲಿ ಒಂದು ಬೌಲ್ ಪಂದ್ಯವೂ ತಪ್ಪಲಿಲ್ಲ, ಬದಲಿಗೆ 80 ಲಕ್ಷ ಡಾಲರ್ ದಂಡ. 28 ಸ್ಕಾಲರ್‌ಶಿಪ್ ಮಾತ್ರ ಇಲ್ಲೂ ಹೋಯಿತು. ಕೋಚ್ ಬೇರೆ ಕಾಲೇಜಿನಲ್ಲಿ ಕೆಲಸ ಮಾಡಲು ಆರು ವರ್ಷ ಕಟ್ಟುಪಾಡು.

ಮಿಶಿಗನ್ನದು ಇನ್ನೂ ದೊಡ್ಡ ಸುದ್ದಿ. ಎದುರಾಳಿಗಳ ಕೋಚ್‌ಗಳು ಮೈದಾನದ ಅಂಚಿನಿಂದ ಕೈಸನ್ನೆಯಲ್ಲಿ ಸೂಚನೆ ಕೊಡುತ್ತಾರೆ. ಮಿಶಿಗನ್ ಸಿಬ್ಬಂದಿಯಲ್ಲೊಬ್ಬ ಮೂರು ಸೀಸನ್ ಉದ್ದಕ್ಕೂ ಬೇರೆಯವರಿಗೆ ಟಿಕೆಟ್ ಕೊಡಿಸಿ, ಮುಂದೆ ಎದುರಾಗಲಿರುವ ತಂಡಗಳ ಪಂದ್ಯಕ್ಕೆ ಕಳಿಸಿ, ಆ ಸನ್ನೆಗಳನ್ನು ಫೋನಿನಲ್ಲಿ ಚಿತ್ರೀಕರಿಸಿ ತರಿಸುತ್ತಿದ್ದ. 2024ರ ಜನವರಿಯಲ್ಲಿ ಮಿಶಿಗನ್ ರಾಷ್ಟ್ರೀಯ ಚಾಂಪಿಯನ್ ಆಯಿತು. ಅದೇ ತಿಂಗಳು ಕೋಚ್ ಜಿಮ್ ಹಾರ್ಬಾ ವೃತ್ತಿಪರ ಲೀಗಿನ ಚಾರ್ಜರ್ಸ್ ತಂಡಕ್ಕೆ ಹೊರಟರು. ತೀರ್ಪು ಬಂದದ್ದು 2025ರ ಆಗಸ್ಟ್‌ನಲ್ಲಿ. ನಿಯಮದಂತೆ ಬಹುವರ್ಷದ ಬೌಲ್ ನಿಷೇಧ ಹಾಕಬೇಕು, ಆದರೆ ಅದು ಈಗಿರುವ, ತಪ್ಪು ಮಾಡದ ಹುಡುಗರಿಗೆ ಅನ್ಯಾಯ ಎಂದು ಸಮಿತಿಯೇ ಬರೆದು, ಬದಲಿಗೆ ಕೋಟಿಗಟ್ಟಲೆ ಡಾಲರ್ ದಂಡ ವಿಧಿಸಿತು. ಎರಡು ವರ್ಷದ ಬೌಲ್ ಆದಾಯದಷ್ಟು ಹಣವೂ ಅದರಲ್ಲಿ ಸೇರಿತ್ತು. ಚಾಂಪಿಯನ್ ಪಟ್ಟ ಅವರಲ್ಲೇ ಉಳಿಯಿತು. ಹಾರ್ಬಾ ಮೇಲೆ ಹತ್ತು ವರ್ಷದ ಕಟ್ಟುಪಾಡು, 2028ರಿಂದ 2038ರ ತನಕ. ಅದು ಕಾಲೇಜುಗಳಿಗೆ ಮಾತ್ರ ಅನ್ವಯ. ಅವರಿರುವುದು ಲಾಸ್ ಏಂಜಲೀಸ್‌ನ ವೃತ್ತಿಪರ ತಂಡದಲ್ಲಿ.

ಇದರ ನಡುವೆ, ಹುಡುಗರು ಹಣ ಮುಟ್ಟಬಾರದೆಂಬ ಹಳೆಯ ನಿಯಮವೇ ಮಾಯವಾಯಿತು. 2021ರಿಂದ ಆಟಗಾರರು ತಮ್ಮ ಹೆಸರು, ಮುಖ ಬಳಸಿ ಜಾಹೀರಾತಿನಲ್ಲಿ ಸಂಪಾದಿಸಬಹುದು. 2025ರ ಜೂನ್‌ನಲ್ಲಿ ಕೋರ್ಟು ಒಪ್ಪಿದ ರಾಜಿಯಂತೆ ಕಾಲೇಜುಗಳೇ ಆಟಗಾರರಿಗೆ ಹಣ ಹಂಚಬಹುದು, ಮೊದಲ ವರ್ಷದ ಮಿತಿ 2 ಕೋಟಿ 5 ಲಕ್ಷ ಡಾಲರ್. ಎಸ್‌ಎಂಯು ಗುಟ್ಟಾಗಿ ಕೊಟ್ಟು ಸತ್ತ ಹಣ ಈಗ ಬಜೆಟ್ಟಿನ ಒಂದು ಸಾಲು. 2024ರ ಏಪ್ರಿಲ್‌ನಲ್ಲಿ ರೆಜಿ ಬುಷ್‌ಗೆ ಆ ಹಗರಣದಲ್ಲಿ ಕೈತಪ್ಪಿದ್ದ ಹೈಸ್‌ಮನ್ ಟ್ರೋಫಿ ಮರಳಿ ಸಿಕ್ಕಿತು. ಪಟರ್ನೋಗೆ ಗೆಲುವು ಮರಳಿತ್ತು. ಯುಎಸ್‌ಸಿಯ ಆ 30, ಎಸ್‌ಎಂಯುನ ಆ 55 ಸೀಟನ್ನು ಯಾರಿಗೆ ಮರಳಿಸುತ್ತೀರಿ? ಅದಕ್ಕೇ ನನ್ನ ಪಟ್ಟು: ಕಾಲೇಜಿಗೆ ಏನು ಬೇಕಾದರೂ ಶಿಕ್ಷೆ ಹಾಕಿ, ಓದುವ ಸೀಟಿಗೆ ಕೈ ಹಾಕಬೇಡಿ.

ಅಳಿಯ ಇದನ್ನು ಒಪ್ಪುವುದಿಲ್ಲ. “ಬರೀ ದುಡ್ಡಿನ ದಂಡ ಅಂದ್ರೆ ದೊಡ್ಡ ಕಾಲೇಜುಗಳಿಗೆ ಪಾರ್ಕಿಂಗ್ ಟಿಕೆಟ್ ಇದ್ದಂಗೆ ಮಾವ. ಕಟ್ತಾರೆ, ಮತ್ತೆ ಮಾಡ್ತಾರೆ. ಕಪ್ಪು ಅವರತ್ರನೇ ಇರುತ್ತೆ.” ಮಾತಿನಲ್ಲಿ ಹುರುಳಿದೆ. ಮಿಶಿಗನ್‌ನಂಥ ಕಾಲೇಜಿಗೆ ಹಣ ಹೊಂದಿಸುವುದು ಕಷ್ಟವಲ್ಲ, ಬೂಸ್ಟರುಗಳಿದ್ದಾರೆ.

ಆದರೆ ಟೆನೆಸಿಯಲ್ಲಿ ನಡೆದ ಒಂದು ಸಂಗತಿಯನ್ನು ಯಾರೂ ಅಷ್ಟಾಗಿ ಎತ್ತಿ ಆಡುವುದಿಲ್ಲ. ಪ್ರೂಯಿಟ್ ಅವರನ್ನು ಬರೀ ಸೋಲಿಗಾಗಿ ತೆಗೆದಿದ್ದರೆ ಕರಾರಿನಂತೆ 1 ಕೋಟಿ 26 ಲಕ್ಷ ಡಾಲರ್ ಕೊಟ್ಟು ಕಳಿಸಬೇಕಿತ್ತು. ನಿಯಮ ಮುರಿದ ಕಾರಣಕ್ಕೆ ತೆಗೆದದ್ದರಿಂದ ವಿಶ್ವವಿದ್ಯಾಲಯ ಅದನ್ನು ಕೊಡಲೊಪ್ಪಲಿಲ್ಲ. ಶಿಕ್ಷೆ ತಪ್ಪು ಮಾಡಿದವನ ಜೇಬನ್ನೇ ಹುಡುಕಿಕೊಂಡು ಹೋದದ್ದು ನಾನು ಕಂಡಂತೆ ಇಲ್ಲಿ. ಇದನ್ನೇ ಇನ್ನೂ ಒಂದು ಹೆಜ್ಜೆ ಮುಂದಕ್ಕೆ ಒಯ್ಯಬಹುದು: ಕೋಚ್ ಕೆಲಸ ಬಿಟ್ಟು ಹೋದ ಮೇಲೂ, ವೃತ್ತಿಪರ ಲೀಗಿಗೇ ಹೋಗಲಿ, ತನ್ನ ಕಾಲದ ಮೋಸ ಸಾಬೀತಾದರೆ ಪಡೆದ ಬೋನಸ್ಸು, ಸಂಬಳದ ಒಂದು ಪಾಲು ಹಿಂದಿರುಗಿಸಬೇಕೆಂದು ಮೊದಲ ದಿನವೇ ಕರಾರಿನಲ್ಲಿ ಬರೆಸಿಕೊಳ್ಳುವುದು. ಆ ಹಣದಿಂದ ಸ್ಕಾಲರ್‌ಶಿಪ್ ಕೊಡಲಿ. ಅಳಿಯನಿಗೆ ಹೇಳಿದೆ. “ಅಂಥ ಕರಾರಿಗೆ ಯಾವ ಒಳ್ಳೆ ಕೋಚೂ ಸೈನ್ ಹಾಕಲ್ಲ ಮಾವ” ಅಂದ. ಹಾಕುವುದಿಲ್ಲವೆಂದು ಇವನಿಗೆ ಹೇಗೆ ಗೊತ್ತು? ಒಂದು ಕಾಲೇಜಾದರೂ ಕೇಳಿ ನೋಡಲಿ ಮೊದಲು.